ಹನ್ನೆರಡು ಜೀವಗಳ ಲೆಕ್ಕ

ಹುಲ್ಲಿನ ಪೆಂಡಿಗಳನ್ನು ಪಿಕಪ್ ಗಾಡಿಗೆ ಏರಿಸುತ್ತಿದ್ದಾಗ ಮೈಸೂರಿನಿಂದ ಅಮ್ಮ ವಿಡಿಯೊ ಕರೆ ಮಾಡಿದಳು. ಪೆಂಡಿಯ ದಾರಕ್ಕೆ ಸಿಕ್ಕಿಸಿದ್ದ ಚೀಟಿಯನ್ನು ಮೊಬೈಲ್‌ಗೆ ಹಿಡಿದು ತೋರಿಸಿದೆ. ಈ ಹುಲ್ಲು ಬೆಳೆದ ಹೊಲದಲ್ಲಿ ಕೆಟ್ಟ ಕಳೆಯ ಬೀಜ ಇರಲಿಲ್ಲ ಎಂದು ಹೇಳುವ ಪ್ರಮಾಣಪತ್ರ ಅದು.

"ಏನೇ ಇದು, ಕುದುರೆ ತಿನ್ನುವ ಹುಲ್ಲಿಗೂ ಸರ್ಟಿಫಿಕೇಟಾ?" ಎಂದಳು ಅಮ್ಮ.

ಇದು ಕಳೆದ ವರ್ಷದ ಮಾತು. ಅದಕ್ಕೂ ಒಂದು ತಿಂಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಕೇಳಿದ್ದೆ. ಉತ್ತರ ಪೂರ್ತಿಯಾಗಿ ಅರ್ಥವಾದದ್ದು ಕಾಡಿನಲ್ಲಿ ಎರಡು ರಾತ್ರಿ ಕಳೆದ ಮೇಲೆ.

ನಾವಿರುವುದು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಊರಿನ ಹೊರವಲಯದಲ್ಲಿ. ಕೆನಡಾದ ವ್ಯಾಂಕೂವರ್ ಅಲ್ಲ, ಕೊಲಂಬಿಯಾ ನದಿಯ ದಡದ ಈ ಊರು. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಕುದುರೆ ಸಾಕಿರುವ ಒಬ್ಬ ಹಿರಿಯ ಹೆಂಗಸಿದ್ದಾರೆ. ಮೂರು ವರ್ಷಗಳಿಂದ ಶನಿವಾರ ಬೆಳಿಗ್ಗೆ ಅವರ ಲಾಯಕ್ಕೆ ಹೋಗಿ ಲದ್ದಿ ಬಾಚುತ್ತೇನೆ, ಗೊರಸು ಕೆರೆಯುತ್ತೇನೆ, ಅದಕ್ಕೆ ಪ್ರತಿಯಾಗಿ ಅವರು ನನಗೆ ಸವಾರಿ ಕಲಿಸಿದ್ದಾರೆ. ಕುದುರೆಯ ಮೈವಾಸನೆ ನನಗೆ ಹೊಸದಲ್ಲ. ಚಿಕ್ಕವಳಾಗಿದ್ದಾಗ ಮೈಸೂರಿನಲ್ಲಿ ಶಾಲೆಗೆ ಹೋಗುತ್ತಿದ್ದದ್ದೇ ಜಟಕಾ ಗಾಡಿಯಲ್ಲಿ. ಗಾಡಿಯ ಸಾಬರು ಮಧ್ಯಾಹ್ನ ಮರದ ನೆರಳಿನಲ್ಲಿ ನಿಂತು ಬೇಯಿಸಿದ ಹುರುಳಿಯನ್ನು ಚೀಲಕ್ಕೆ ತುಂಬಿ ಕುದುರೆಯ ಮುಖಕ್ಕೆ ಕಟ್ಟುತ್ತಿದ್ದರು. ಅದು ಕಣ್ಣು ಅರೆಮುಚ್ಚಿ ಅಗಿಯುವ ಸದ್ದು ಈಗಲೂ ಕಿವಿಯಲ್ಲಿದೆ.

ಕಳೆದ ಬೇಸಿಗೆಯಲ್ಲಿ ಆ ಹಿರಿಯಾಕೆ, "ಆಗಸ್ಟ್ ಕೊನೆಗೆ ಕುದುರೆಗಳನ್ನು ಕರೆದುಕೊಂಡು ಮೌಂಟ್ ಆಡಮ್ಸ್ ಬುಡಕ್ಕೆ ಹೋಗುತ್ತಿದ್ದೇವೆ, ನಾಲ್ಕು ರಾತ್ರಿ. ನೀವಿಬ್ಬರೂ ಬನ್ನಿ. ಆದರೆ ಕಾಡಿನ ನಿಯಮಗಳನ್ನು ನೀನೇ ಓದಿ ತಯಾರಿ ಮಾಡಬೇಕು, ನಾನು ಬರೀ ನೋಡುತ್ತೇನೆ" ಎಂದರು. ಅವರು ಕಲಿಸುವ ರೀತಿಯೇ ಅದು.

ಮೌಂಟ್ ಆಡಮ್ಸ್ 3,743 ಮೀಟರ್ ಎತ್ತರದ ಹಿಮ ಹೊದ್ದ ಜ್ವಾಲಾಮುಖಿ. ಅಲ್ಲಿನ ಮೂಲನಿವಾಸಿಗಳಾದ ಯಾಕಮ ಜನ ಅದನ್ನು ಪಾಹ್ಟೊ ಎಂದು ಕರೆಯುತ್ತಾರೆ. ಅದರ ಪಶ್ಚಿಮಕ್ಕೆ ಹಬ್ಬಿರುವುದು ಗಿಫರ್ಡ್ ಪಿಂಚೋ ರಾಷ್ಟ್ರೀಯ ಅರಣ್ಯ, ಸುಮಾರು 13 ಲಕ್ಷ ಎಕರೆ. 1905ರಲ್ಲಿ ಅಮೆರಿಕದ ಅರಣ್ಯ ಸೇವೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾಗಿದ್ದವರ ಹೆಸರನ್ನು 1949ರಲ್ಲಿ ಈ ಕಾಡಿಗೆ ಇಟ್ಟರು. ಇಲ್ಲಿನ ರಾಷ್ಟ್ರೀಯ ಅರಣ್ಯಗಳು ಕೃಷಿ ಇಲಾಖೆಯ ಕೆಳಗೆ ಬರುತ್ತವೆ. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಚಾರಣ ಎಲ್ಲಕ್ಕೂ ಅಲ್ಲಿ ಜಾಗವಿದೆ. ಸ್ವಂತ ಕುದುರೆ ಕಟ್ಟಿಕೊಂಡು ಹೋಗಿ ಡೇರೆ ಹಾಕುವ ಹಕ್ಕೂ ಸಾರ್ವಜನಿಕರಿಗಿದೆ. ಅದೇ ಕಾಡಿನೊಳಗೆ ಕೆಲವು ಭಾಗಗಳನ್ನು 1964ರ ವನ್ಯಪ್ರದೇಶ ಕಾಯ್ದೆಯಡಿ ಬೇರೆಯೇ ಇರಿಸಿದ್ದಾರೆ. ಅಲ್ಲಿಗೆ ಮೋಟಾರು ಹೋಗುವಂತಿಲ್ಲ, ಸೈಕಲ್ ಸಹ ಹೋಗುವಂತಿಲ್ಲ. ಕಾಲಿನ ಮೇಲೆ ಹೋಗಬೇಕು, ಎರಡಾದರೂ ಸರಿ, ನಾಲ್ಕಾದರೂ ಸರಿ. ನಾವು ಎರಡು ರಾತ್ರಿ ರಸ್ತೆ ಮುಟ್ಟುವ ಕೀನ್ಸ್ ಕುದುರೆ ಶಿಬಿರದಲ್ಲಿ, ಎರಡು ರಾತ್ರಿ ಮೇಲಿನ ವನ್ಯಪ್ರದೇಶದಲ್ಲಿ ತಂಗುವುದೆಂದು ಲೆಕ್ಕ ಹಾಕಿದೆವು. ಇಲ್ಲಿ ಕುದುರೆಗಳಿಗೆಂದೇ ಪ್ರತ್ಯೇಕ ಶಿಬಿರಗಳಿವೆ. ಮಕ್ಕಳು, ನಾಯಿಗಳು, ಒಲೆಗಳಿಂದ ಕಿಕ್ಕಿರಿದ ಮಾಮೂಲಿ ಶಿಬಿರದೊಳಗೆ ಏಳು ಕುದುರೆ ನುಗ್ಗಿಸುವಂತಿಲ್ಲ.

ಅರಣ್ಯ ಕಚೇರಿಗೆ ಫೋನ್ ಮಾಡಿದೆ. ಫೋನ್ ತೆಗೆದವರು ನಿಧಾನವಾಗಿ ಮಾತನಾಡುವ ಮಹಿಳೆ. ಮೊದಲು ಕೇಳಿದ್ದು, "ಜನ ಎಷ್ಟು, ಪ್ರಾಣಿ ಎಷ್ಟು?"

ಆ ಹಿರಿಯಾಕೆ, ಅವರ ಮಗ, ಸೊಸೆ, ನಾನು, ನನ್ನ ಗಂಡ ಸೇರಿ ಐವರು. ಐದು ಸವಾರಿ ಕುದುರೆ, ಸಾಮಾನು ಹೊರಲು ಎರಡು. ಒಟ್ಟು ಹನ್ನೆರಡು. ಅಲ್ಲಿಗೆ ಲೆಕ್ಕ ಮುಗಿಯಿತು. ಈ ಅರಣ್ಯದ ವನ್ಯಪ್ರದೇಶಗಳಲ್ಲಿ ಒಂದು ತಂಡದಲ್ಲಿ ಮನುಷ್ಯರು ಮತ್ತು ಪ್ರಾಣಿಗಳು ಸೇರಿ ಹನ್ನೆರಡನ್ನು ಮೀರುವಂತಿಲ್ಲ. ಕುದುರೆ ಸಾಕಿದವರು ಅದನ್ನು 'ಹನ್ನೆರಡು ಎದೆಬಡಿತ' ಎನ್ನುತ್ತಾರೆ. ನನಗೆ ಆ ಮಾತು ತುಂಬಾ ಹಿಡಿಸಿತು. ಕಾಡಿನ ಕಣ್ಣಿಗೆ ನಾನೂ ಒಂದು, ನನ್ನ ಕುದುರೆಯೂ ಒಂದು.

ಇಷ್ಟವಾದ ನಿಯಮವೇ ಮರುವಾರ ಕಷ್ಟಕ್ಕೆ ಬಂತು. ಸಿಯಾಟಲ್ ಬಳಿ ಇರುವ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಕ್ಕಾ, ನಾವಿಬ್ಬರೂ ಬರುತ್ತೇವೆ. ಕುದುರೆ ಬೇಡ, ನಡೆದುಕೊಂಡೇ ಬರುತ್ತೇವೆ" ಎಂದ. ಮದುವೆಯಾಗಿ ಆರು ತಿಂಗಳಾಗಿತ್ತು, ಹೆಂಡತಿಗೆ ಬೆಟ್ಟ ತೋರಿಸಬೇಕೆಂಬ ಹಂಬಲ. ಆಗುವುದಿಲ್ಲವೆಂದೆ. "ಹದಿಮೂರು ಲಕ್ಷ ಎಕರೆ ಕಾಡು ಅಂತೀಯಲ್ಲ ಅಕ್ಕಾ, ಇಬ್ಬರು ಹೆಚ್ಚಾದರೆ ಯಾರಿಗೇನು ತೊಂದರೆ?" ಎಂದ. ಎರಡು ತಂಡ ಎಂದು ಬರೆದುಕೊಟ್ಟು ಒಟ್ಟಿಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಕೇಳಿದ. ಎರಡು ತಂಡ ಎಂದ ಮೇಲೆ ಬೇರೆಬೇರೆಯಾಗಿಯೇ ನಡೆಯಬೇಕು, ಬೇರೆ ಕಡೆಯೇ ತಂಗಬೇಕು ಎಂದು ವಿವರಿಸಿದೆ. ಅವನಿಗೆ ಬೇಸರವಾಯಿತು. ನನಗೂ ಎರಡು ದಿನ ಊಟ ರುಚಿಸಲಿಲ್ಲ. ಮನೆಯ ಮಕ್ಕಳಿಗೆ ಇಲ್ಲ ಎನ್ನುವ ಅಭ್ಯಾಸ ನಮ್ಮಲ್ಲಿಲ್ಲ.

ಎರಡನೆಯ ಪ್ರಶ್ನೆ ಮೇವಿನದು. ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳ ರಾಷ್ಟ್ರೀಯ ಅರಣ್ಯಗಳಿಗೆ ಒಯ್ಯುವ ಒಣಹುಲ್ಲು ಕಳೆಬೀಜ ಇಲ್ಲದ್ದೆಂದು ಪ್ರಮಾಣಿತವಾಗಿರಬೇಕು. ಕಟಾವಿಗೆ ಮುಂಚಿನ ಹತ್ತು ದಿನಗಳೊಳಗೆ ಪರಿವೀಕ್ಷಕರು ಹೊಲಕ್ಕೆ ಬಂದು, ಬದುಗಳನ್ನೂ ಸೇರಿಸಿ ನಡೆದು ನೋಡಿ, ಆಮೇಲೆ ಚೀಟಿ ಕೊಡುತ್ತಾರೆ. ಯುರೋಪಿನಿಂದ ಬಂದ ನ್ಯಾಪ್‌ವೀಡ್‌ನಂತಹ ಕಳೆಗಳು ಪಶ್ಚಿಮದ ರಾಜ್ಯಗಳ ಬೆಟ್ಟದ ಇಳಿಜಾರುಗಳನ್ನೆಲ್ಲ ಆವರಿಸಿವೆ. ನೇರಳೆ ಹೂವಿನ ಗಿಡ, ನೋಡಲು ಚೆಂದ. ಅದು ಹಬ್ಬಿದ ಕಡೆ ಸ್ಥಳೀಯ ಹುಲ್ಲು ಉಳಿಯುವುದಿಲ್ಲ, ಆ ಹುಲ್ಲನ್ನು ನಂಬಿದ ಜಿಂಕೆಗಳೂ ನಿಲ್ಲುವುದಿಲ್ಲ.

ಇದನ್ನು ಅಮ್ಮನಿಗೆ ಹೇಳಲು ನಾನು ಕಷ್ಟಪಡಬೇಕಾಗಲಿಲ್ಲ. "ನಮ್ಮ ಕಾಂಗ್ರೆಸ್ ಗಿಡ ಇಲ್ಲವೇನಮ್ಮ, ಹಾಗೆ" ಎಂದೆ. ಅಮ್ಮ ತಕ್ಷಣ ಸುಮ್ಮನಾದಳು. ಪಾರ್ಥೇನಿಯಂ ಅಮೆರಿಕದ ಗೋಧಿಯ ಮೂಟೆಗಳ ಜೊತೆ ಬಂತೆಂದು ತಾತ ಹೇಳುತ್ತಿದ್ದದ್ದು ಅವಳಿಗೆ ನೆನಪಿದೆ. ಅದನ್ನು ಕಿತ್ತು ಕಿತ್ತು ಕೈಯೆಲ್ಲ ಕೆರೆತವಾಗಿ ಅವರು ಒದ್ದಾಡಿದ್ದೂ ನೆನಪಿದೆ. ಬಂಡೀಪುರದಲ್ಲಿ ಲಂಟಾನದ ಪೊದೆ ನೆಲವನ್ನು ಮುಚ್ಚಿ, ಹುಲ್ಲು ಬೆಳೆಯಬೇಕಾದ ಕಡೆ ಮುಳ್ಳು ತುಂಬಿರುವುದನ್ನು ನಾನೂ ಕಂಡಿದ್ದೇನೆ. ಒಂದು ಬೀಜ ಒಳಗೆ ಬಂದಾಗ ಯಾರೂ ನೋಡಿರುವುದಿಲ್ಲ. ನೋಡುವ ಹೊತ್ತಿಗೆ ಗುದ್ದಲಿ ಸಾಲುವುದಿಲ್ಲ.

ಚೀಟಿ ಇರುವ ಹುಲ್ಲನ್ನು ಕಾಡಿಗೆ ಒಯ್ದರಷ್ಟೇ ಸಾಲದು. ಕುದುರೆಯ ಹೊಟ್ಟೆಯಲ್ಲಿ ಬೀಜ ಮೂರು ನಾಲ್ಕು ದಿನ ಜೀವಂತವಾಗಿಯೇ ಇದ್ದು ಲದ್ದಿಯ ಜೊತೆ ಹೊರಬೀಳಬಹುದು. ಹಾಗಾಗಿ ಹೊರಡುವ ನಾಲ್ಕು ದಿನ ಮೊದಲಿಂದಲೇ ಬೇರೆ ಮೇವು ಕೊಡಬಾರದು. ಇನ್ನೊಂದು ಕಡೆ, ಮೇವನ್ನು ಏಕಾಏಕಿ ಬದಲಿಸಿದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ಅದು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹತ್ತು ದಿನ ಮುಂಚೆಯೇ ಹಳೆಯ ಹುಲ್ಲಿಗೆ ಹೊಸದನ್ನು ಮುಷ್ಟಿ ಮುಷ್ಟಿಯಾಗಿ ಬೆರೆಸುತ್ತ ಬಂದೆವು. 450 ಕಿಲೋ ತೂಗುವ ಕುದುರೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಮೇವು ತಿನ್ನುತ್ತದೆ. ಏಳು ಕುದುರೆಗೆ ನಾಲ್ಕು ದಿನದ ಲೆಕ್ಕ ಹಾಕಿ ನೋಡಿ. ಬೆನ್ನ ಮೇಲೆ ಹೊತ್ತು ಏರಬೇಕಾದ ಎರಡು ದಿನಗಳಿಗೆ ಹುಲ್ಲಿನ ಬದಲು ಒತ್ತಿ ಮಾಡಿದ ಗುಳಿಗೆ ಮೇವನ್ನು ಹೆಚ್ಚಾಗಿ ಇಟ್ಟುಕೊಂಡೆವು. ಅರೆದು, ಬಿಸಿ ಮಾಡಿ, ಒತ್ತಿದ ಮೇವಿನಲ್ಲಿ ಬೀಜ ಬದುಕುವುದಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ.

ಇಲ್ಲಿ ನನಗೊಂದು ಆಸೆಯಿತ್ತು. ಭಾರತೀಯ ಅಂಗಡಿಯಿಂದ ಎರಡು ಕಿಲೋ ಹುರುಳಿ ತಂದಿಟ್ಟಿದ್ದೆ. ಇಂಗ್ಲಿಷಿನಲ್ಲಿ ಅದರ ಹೆಸರೇ ಹಾರ್ಸ್ ಗ್ರಾಂ. ಬೆಟ್ಟದ ಮೇಲೆ ಸಂಜೆ ಒಂದೊಂದು ಹಿಡಿ ಬೇಯಿಸಿ ಕೊಟ್ಟರೆ ಜಟಕಾ ಸಾಬರ ನೆನಪಾದರೂ ಆದೀತು ಎಂದುಕೊಂಡಿದ್ದೆ. ಹಿರಿಯಾಕೆ ಚೀಲ ಬಿಚ್ಚಿ ಒಂದು ಕಾಳನ್ನು ಬೆರಳ ತುದಿಯಲ್ಲಿ ಹಿಡಿದು, "ಇದನ್ನು ಮಣ್ಣಿಗೆ ಹಾಕಿದರೆ ಮೊಳೆಯುತ್ತದೆಯೆ?" ಎಂದು ಕೇಳಿದರು. ಮೊಳೆಯುತ್ತದೆ ಎಂದೆ. ಇಡಿಯಾದ ಕಾಳಿಗೂ ಹುಲ್ಲಿನ ನಿಯಮವೇ ಅನ್ವಯಿಸುತ್ತದೆ. ಚೀಲದಿಂದ ಉದುರಿದ್ದನ್ನು ಯಾರು ಆರಿಸಿ ತೆಗೆಯುತ್ತಾರೆ? ಹುರುಳಿ ಅಡುಗೆಮನೆಗೆ ವಾಪಸು ಬಂತು, ಆ ವಾರ ಹುರುಳಿ ಸಾರಾಯಿತು.

ಹೊರಡುವ ಹಿಂದಿನ ದಿನವೆಲ್ಲ ಟ್ರೇಲರ್ ಗುಡಿಸುವುದರಲ್ಲಿ ಕಳೆಯಿತು. ಮೂಲೆಯಲ್ಲಿ ಸೇರಿಕೊಂಡ ಹಳೆಯ ಹುಲ್ಲಿನ ಎಸಳನ್ನೂ ಬಿಡದೆ ಹೊರಹಾಕಿ, ನೀರು ಚಿಮ್ಮಿಸಿ ತೊಳೆದೆವು. ಬಾಲ, ಕೇಸರ ಬಾಚಿದೆವು. ನಮ್ಮ ಉತ್ತರಾಣಿಯಂತೆ ಅಂಟಿಕೊಳ್ಳುವ ಕಾಳುಗಳು ಇಲ್ಲಿಯೂ ಇವೆ. ಡಸ್ಟಿ ಎಂಬ ಎಳೆಯ ಕುದುರೆಯ ಬಾಲ ಒಂದರಲ್ಲೇ ಹನ್ನೊಂದು ಸಿಕ್ಕವು. ಲಾಳದ ಒಳಗಿನ ಮಣ್ಣನ್ನು ಕೆರೆದು ಕಸದ ಡಬ್ಬಿಗೆ ಹಾಕಿದೆ.

ಕೀನ್ಸ್ ಶಿಬಿರದಲ್ಲಿ ಕಳೆದ ಮೊದಲ ಎರಡು ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರಗಳ ನಡುವೆ ಆಡಮ್ಸ್ ಕಾಣುತ್ತದೆ, ರಾತ್ರಿ ವಿಪರೀತ ಚಳಿ. ಬೆಂಕಿ ನಿಷೇಧವಿದ್ದುದರಿಂದ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡಿದೆವು. ಮೂರನೆಯ ಬೆಳಿಗ್ಗೆ ಹಾದಿಯ ಬಾಯಲ್ಲಿದ್ದ ಪೆಟ್ಟಿಗೆಯಿಂದ ಪರವಾನಗಿ ಚೀಟಿ ತೆಗೆದು ನಾನೇ ತುಂಬಿದೆ. ಅದಕ್ಕೆ ಹಣವಿಲ್ಲ, ಯಾರೂ ಸಹಿ ಹಾಕುವುದೂ ಇಲ್ಲ. ಜನ ಐದು, ಪ್ರಾಣಿ ಏಳು ಎಂದು ಬರೆದು, ಒಂದು ಪ್ರತಿಯನ್ನು ಪೆಟ್ಟಿಗೆಗೆ ಹಾಕಿ ಇನ್ನೊಂದನ್ನು ಜೀನಿನ ಚೀಲದಲ್ಲಿಟ್ಟುಕೊಂಡೆ. ಹಾಗೆ ಬರೆಯುವಾಗ ತಮ್ಮನ ಮುಖ ಕಣ್ಣ ಮುಂದೆ ಬಂತು.

ಹಾದಿಗೆ ಅಡ್ಡವಾಗಿ ಒಂದು ದೊಡ್ಡ ಫರ್ ಮರ ಬಿದ್ದಿತ್ತು. ಆಗಲೇ ನಾಲ್ವರು ಸ್ವಯಂಸೇವಕರು ಕುಯ್ಯುತ್ತಿದ್ದರು, ಇಬ್ಬರು ಎಳೆಯುವ ಉದ್ದ ಗರಗಸದಿಂದ. ವನ್ಯಪ್ರದೇಶದಲ್ಲಿ ಯಂತ್ರದ ಗರಗಸ ಬಳಸುವಂತಿಲ್ಲ. ಕಾಡುಹಾದಿಯ ಸವಾರರ ಸಂಘವೊಂದು 1973ರಲ್ಲಿ ಮೊಂಟಾನಾದಲ್ಲಿ ಹುಟ್ಟಿ ಈಗ ದೇಶದ ಅನೇಕ ಕಡೆ ಹಬ್ಬಿದೆ. ಹಾದಿ ತೆರವು ಮಾಡುವುದೇ ಅದರ ದೊಡ್ಡ ಕೆಲಸ. ಅರ್ಧ ಗಂಟೆ ನಿಂತು ನೋಡಿದೆ. ಮಲೆನಾಡಿನ ಕೊಯ್ತದವರ ಹಾಗೆಯೇ, ಇಬ್ಬರೂ ತಮ್ಮ ಕಡೆಗೆ ಎಳೆಯುತ್ತಾರೆಯೇ ಹೊರತು ಆಚೆ ತಳ್ಳುವುದಿಲ್ಲ. ತಳ್ಳಿದರೆ ಅಲಗು ಬಾಗುತ್ತದೆ. ಹೊಟ್ಟಿನ ಎಳೆ ಉದ್ದುದ್ದ ಶ್ಯಾವಿಗೆಯಂತೆ ಬರುತ್ತಿತ್ತು.

ಮೇಲೆ ಪೆಸಿಫಿಕ್ ಕ್ರೆಸ್ಟ್ ಹಾದಿಯನ್ನು ಕೂಡಿಕೊಂಡೆವು. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿಲೋಮೀಟರ್ ಉದ್ದದ ಹಾದಿ ಅದು. ವಸಂತದಲ್ಲಿ ದಕ್ಷಿಣದಿಂದ ನಡೆಯಲು ಹೊರಟವರು ಆಗಸ್ಟ್ ಕೊನೆಗೆ ಇಲ್ಲಿಗೆ ಮುಟ್ಟಿರುತ್ತಾರೆ. ನಡೆಯುವವರು ಕುದುರೆಗೆ ದಾರಿ ಬಿಡಬೇಕು, ಬಿಡುವಾಗ ಇಳಿಜಾರಿನ ಕೆಳಬದಿಗೆ ಸರಿಯಬೇಕು ಎಂಬುದು ಇಲ್ಲಿನ ರೂಢಿ. ಕುದುರೆ ಬೆದರಿದರೆ ಮೇಲ್ಬದಿಗೆ ಹಾರಲಿ, ಪ್ರಪಾತದ ಕಡೆಗಲ್ಲ ಎಂಬುದು ಒಂದು ಕಾರಣ. ಮೇಲೆ ನಿಂತ ಆಕೃತಿ ಕುದುರೆಗೆ ಎರಗಲು ಕಾದ ಮೃಗದಂತೆ ಕಾಣುತ್ತದೆ ಎಂಬುದು ಇನ್ನೊಂದು. ಬೆನ್ನಿಗೆ ದೊಡ್ಡ ಚೀಲ ಕಟ್ಟಿದ ಒಬ್ಬ ಹುಡುಗ ಮೇಲ್ಬದಿಯ ಬಂಡೆಯ ಮೇಲೆ ಹತ್ತಿ ಉಸಿರು ಬಿಗಿಹಿಡಿದು ನಿಂತ. ಡಸ್ಟಿ ಗಕ್ಕನೆ ನಿಂತು ಕಿವಿ ನಿಮಿರಿಸಿ ನಡುಗತೊಡಗಿತು. "ಮಾತಾಡಪ್ಪ, ಏನಾದರೂ ಮಾತಾಡು!" ಎಂದು ಹಿರಿಯಾಕೆ ಕೂಗಿದರು. ಅವನು ತಬ್ಬಿಬ್ಬಾಗಿ ತಾನು ಬೆಳಿಗ್ಗೆ ಏನು ತಿಂದೆನೆಂದು ಹೇಳತೊಡಗಿದ. ಮನುಷ್ಯನ ದನಿ ಕೇಳಿದ್ದೇ ತಡ, ಕುದುರೆಯ ಕುತ್ತಿಗೆ ಸಡಿಲವಾಯಿತು.

ಸರೋವರದ ದಡದಿಂದ 200 ಅಡಿಯೊಳಗೆ ಕುದುರೆ ಕಟ್ಟುವಂತಿಲ್ಲ. ನೀರು ಕುಡಿಸಲು ಮಾತ್ರ ಹತ್ತಿರ ಕರೆದೊಯ್ಯಬಹುದು. ನಾನು ನೀರಿನಂಚಿನಿಂದ ಎಪ್ಪತ್ತು ದಾಪುಗಾಲು ಎಣಿಸಿ, ಅನುಮಾನಕ್ಕೆ ಇನ್ನೂ ಹತ್ತು ಸೇರಿಸಿ ಜಾಗ ಹುಡುಕಿದೆ. ಮೆತ್ತನೆಯ ಹುಲ್ಲುಗಾವಲನ್ನು ಬಿಟ್ಟು ಗಟ್ಟಿ ನೆಲ, ಸೂಜಿ ಎಲೆ ಉದುರಿದ ಒಣ ಜಾಗ ಆರಿಸಿದೆವು. ಕುದುರೆಗಳನ್ನು ನೇರವಾಗಿ ಮರಕ್ಕೆ ಕಟ್ಟಿ ಬಿಡುವಂತಿಲ್ಲ. ಎರಡು ಮರಗಳ ನಡುವೆ, ಕುದುರೆಯ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು, ಅದಕ್ಕೆ ಸಾಲಾಗಿ ಕಟ್ಟಬೇಕು. ತೊಗಟೆಗೆ ಹಗ್ಗ ಕೊರೆಯದಂತೆ ಎರಡಂಗುಲ ಅಗಲದ ಪಟ್ಟಿಯನ್ನು ಮರಕ್ಕೆ ಸುತ್ತಬೇಕು. ಇಲ್ಲಿಯವರು ಅದನ್ನು ಹೈಲೈನ್ ಎನ್ನುತ್ತಾರೆ. ನನ್ನ ಪಾಲಿಗೆ ಅದು ದಾವಣಿ. ದನಗಳ ಜಾತ್ರೆಯಲ್ಲಿ ನೆಲದ ಮೇಲೆ ಎಳೆದ ದಾವಣಿಗೆ ಹೋರಿಗಳನ್ನು ಸಾಲಾಗಿ ಕಟ್ಟುತ್ತಿದ್ದದ್ದನ್ನು ನೋಡಿದ್ದೆ. ಇದು ಗಾಳಿಯಲ್ಲಿ ಎಳೆದ ದಾವಣಿ.

ನಾಲ್ಕಕ್ಕೆ ಒಂದು, ಮೂರಕ್ಕೆ ಒಂದು ಎಂದು ಎರಡು ದಾವಣಿ ಎಳೆದೆವು. ಮೂರರದ್ದನ್ನು ಕಟ್ಟಿದವಳು ನಾನು. ಪ್ರತಿ ಕುದುರೆಯ ಹಗ್ಗವೂ ದಾವಣಿಯ ಮೇಲೆ ಸರಿದಾಡದಂತೆ ತಡೆಗಂಟು ಹಾಕಬೇಕಿತ್ತು. ಎರಡಕ್ಕೆ ಸರಿಯಾಗಿ ಹಾಕಿದ್ದೆ. ಕತ್ತಲಾಗುತ್ತಿತ್ತು, ಬೆರಳು ಮರಗಟ್ಟಿದ್ದವು. ಕೊನೆಯದಕ್ಕೆ, ಡಸ್ಟಿಯದಕ್ಕೆ, ಬರೀ ಜೀರುಗುಣಿಕೆ ಹಾಕಿ ಜಗ್ಗಿ ನೋಡಿ ಗಟ್ಟಿಯಿದೆ ಎಂದುಕೊಂಡು ಬಂದುಬಿಟ್ಟೆ.

ರಾತ್ರಿ ಎರಡು ಸಲ ಧಪ್ ಧಪ್ ಎಂಬ ಸದ್ದು ಕೇಳಿಸಿತ್ತು. ಕುದುರೆ ಕಾಲು ಬಡಿಯುತ್ತಿದೆ ಎಂದುಕೊಂಡು ಹೊದಿಕೆ ಎಳೆದುಕೊಂಡೆ. ಎದ್ದು ಹೋಗಿ ನೋಡಬೇಕಿತ್ತು.

ಬೆಳಗಿನ ಜಾವ ನೋಡಿದರೆ ಕುಣಿಕೆ ದಾವಣಿಯ ಉದ್ದಕ್ಕೂ ಜಾರಿ ಡಸ್ಟಿ ಹೆಮ್ಲಾಕ್ ಮರದ ಬುಡಕ್ಕೆ ಬಂದು ನಿಂತಿತ್ತು. ಎಳೆಯ ಕುದುರೆ, ಹೊಸ ಜಾಗ, ಒಂಟಿತನ. ಇಡೀ ರಾತ್ರಿ ಮುಂಗಾಲಿನಿಂದ ನೆಲ ಕೆರೆದಿದೆ. ಮರದ ಬುಡದಲ್ಲಿ ಒಂದು ಗೇಣು ಆಳದ ಗುಂಡಿ. ಅದರೊಳಗೆ ನನ್ನ ಮಣಿಕಟ್ಟಿನಷ್ಟು ದಪ್ಪದ ಬೇರು, ಲಾಳದ ಏಟಿಗೆ ಅಂಗೈಯಗಲ ಸಿಪ್ಪೆ ಸುಲಿದು ಬೆಳ್ಳಗೆ ಹೊರಗೆ ಕಾಣುತ್ತಿತ್ತು. ಮುಟ್ಟಿದರೆ ತೇವ. ಬೆರಳಿಗೆ ರಾಳದ ಅಂಟು ಹತ್ತಿತು, ಹಸಿ ಮರದ ಘಾಟು. ಪಕ್ಕದ ಸಣ್ಣ ಬೇರುಗಳು ಕತ್ತರಿಸಿದ ದಾರದ ಹಾಗೆ ಮೇಲಕ್ಕೆದ್ದು ನಿಂತಿದ್ದವು. ಆ ಮಣ್ಣೂ ಮಣ್ಣಲ್ಲ, ಜ್ವಾಲಾಮುಖಿಯ ಬೂದಿ ಮತ್ತು ಹಗುರ ಕಲ್ಲಿನ ಪುಡಿ, ಊದಿದರೆ ಹಾರುವಂಥದ್ದು. ವರ್ಷದ ಬಹುಪಾಲು ಹಿಮದ ಕೆಳಗಿದ್ದು, ಎರಡು ಮೂರು ತಿಂಗಳಷ್ಟೇ ಬಿಸಿಲು ಕಾಣುವ ಆ ಎತ್ತರದಲ್ಲಿ ಅಷ್ಟು ದಪ್ಪದ ಬೇರು ಬೆಳೆಯಲು ಎಷ್ಟು ಕಾಲ ಹಿಡಿದಿರಬೇಕು!

ಹಿರಿಯಾಕೆ ಬಂದು ನೋಡಿದರು. ಬೈಯಲಿಲ್ಲ. ಸಾಮಾನಿನ ಚೀಲದಿಂದ ಮಡಿಸುವ ಸಲಿಕೆ ತಂದು ಕೈಗಿತ್ತು, "ಬೇರಿನ ಗಾಯವನ್ನು ಮರ ಇವತ್ತೇ ತೋರಿಸುವುದಿಲ್ಲ. ತೋರಿಸುವಾಗ ನಾವ್ಯಾರೂ ಇಲ್ಲಿರುವುದಿಲ್ಲ" ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಕಾಗದದ ಮೇಲೆ ಓದಿದ್ದಾಗ 'ಪ್ರಾಣಿಗಳನ್ನು ಮರಕ್ಕೆ ಕಟ್ಟಬಾರದು' ಎಂಬುದು ಒಂದು ಸಾಲು. ಈಗ ಆ ಸಾಲಿಗೆ ಕಾರಣವಾದ ಗಾಯ ಕಣ್ಣೆದುರಿಗೇ ಇತ್ತು, ಮಾಡಿದವಳು ನಾನು. ಡಸ್ಟಿಯದೇನೂ ತಪ್ಪಿಲ್ಲ, ಅದು ಕುದುರೆ. ಕುದುರೆ ಏನು ಮಾಡುತ್ತದೆಂದು ಬಲ್ಲವರು ಬರೆದಿಟ್ಟ ಸಾಲು ಅದು, ಗಂಟು ಹಾಕುವವಳು ಓದಲೆಂದು.

ಕೈಯಿಂದಲೇ ಸಣ್ಣ ಬೇರುಗಳನ್ನು ಒಳಕ್ಕೆ ಸೇರಿಸಿ, ಕೆದರಿದ ಮಣ್ಣನ್ನೆಲ್ಲ ಗುಡ್ಡೆ ಮಾಡಿ ಮತ್ತೆ ತುಂಬಿ, ಮೆಲ್ಲಗೆ ಒತ್ತಿ, ಮೇಲೆ ಸೂಜಿ ಎಲೆ ಹರಡಿದೆ. ಒಂದು ಗಂಟೆ ಹಿಡಿಯಿತು. ದಾವಣಿಯನ್ನು ಬಿಚ್ಚಿ ಬೇರೆ ಕಡೆ, ಮರಗಳು ಇನ್ನೂ ದೂರ ಇರುವಲ್ಲಿ ಕಟ್ಟಿದೆವು. ಆ ಸಂಜೆ ಮೂರು ತಡೆಗಂಟುಗಳನ್ನೂ ನಾನೇ ಹಾಕಿದೆ, ಬೆಳಕಿರುವಾಗಲೇ. ರಾತ್ರಿ ಮೂರು ಸಲ ಎದ್ದು ಟಾರ್ಚ್ ಹಿಡಿದು ನೋಡಿಬಂದೆ. ಡಸ್ಟಿಯ ಪಕ್ಕಕ್ಕೆ ಈ ಸಲ ಅದರ ಜೊತೆಗಾತಿ ಜೂನ್‌ಳನ್ನು ಕಟ್ಟಿದ್ದೆವು. ಒಂದು ಸಲವೂ ಕೆರೆಯಲಿಲ್ಲ.

ಹೊರಡುವ ಬೆಳಿಗ್ಗೆ ಲದ್ದಿಯ ಕೆಲಸ. ಏಳು ಕುದುರೆಯ ಎರಡು ರಾತ್ರಿಯ ಲದ್ದಿಯನ್ನು ಒಂದೊಂದು ಉಂಡೆಯನ್ನೂ ಒಡೆದು, ನೀರಿನಿಂದ ದೂರ, ತೆಳುವಾಗಿ ಹರಡಬೇಕು. ಗುಪ್ಪೆ ಬಿಟ್ಟರೆ ನೊಣ ಮುತ್ತುತ್ತವೆ, ಹರಡಿದರೆ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಉಳಿದ ಮೇವು, ಚೂರು ಹಗ್ಗ, ಪೆಂಡಿಯ ಚೀಟಿ ಎಲ್ಲ ಚೀಲಕ್ಕೆ. ಕೊನೆಗೆ ಐವರೂ ಸಾಲಾಗಿ ನಿಂತು, ಭತ್ತದ ಗದ್ದೆಯಲ್ಲಿ ತೆನೆ ಆಯುವವರ ಹಾಗೆ, ನೆಲ ನೋಡುತ್ತ ಈ ತುದಿಯಿಂದ ಆ ತುದಿಗೆ ನಡೆದೆವು. ನನ್ನ ಗಂಡನಿಗೆ ಒಂದು ಲಾಳದ ಮೊಳೆ ಸಿಕ್ಕಿತು.

ಟ್ರೇಲರ್‌ಗಳನ್ನು ಮುಂದೆ ಕಳಿಸಿ ನಾವಿಬ್ಬರು ಕಾರಿನಲ್ಲಿ ಸಾಟೂತ್ ಬೆರ್‍ರಿ ಬಯಲಿನ ಕಡೆಗೆ ಬಳಸಿಕೊಂಡು ಬಂದೆವು. ಆಗಸ್ಟ್‌ನಲ್ಲಿ ಅಲ್ಲಿ ಕಪ್ಪು ನೇರಳೆ ಬಣ್ಣದ ಹಕಲ್‌ಬೆರ್‍ರಿ ಹಣ್ಣಾಗುತ್ತದೆ. ರಸ್ತೆಯ ಪೂರ್ವದ ಬಯಲು ಮೂಲನಿವಾಸಿಗಳಿಗೆ ಮೀಸಲು. 1932ರಲ್ಲಿ ಯಾಕಮ ಜನರ ನಾಯಕರೂ ಅರಣ್ಯಾಧಿಕಾರಿಯೂ ಕೈಕುಲುಕಿ ಮಾಡಿಕೊಂಡ ಒಪ್ಪಂದ ಅದು. ಅದಕ್ಕೂ ಹಿಂದೆ, 1855ರ ಒಡಂಬಡಿಕೆಯಲ್ಲಿ ಯಾಕಮ ಜನ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಡಬೇಕಾಗಿ ಬಂದಾಗ, ಬೇಟೆಯ, ಗೆಡ್ಡೆ ಹಣ್ಣು ಆಯುವ ಹಕ್ಕಿನ ಜೊತೆಗೆ ಯಾರದ್ದೂ ಅಲ್ಲದ ತೆರೆದ ನೆಲದಲ್ಲಿ ಕುದುರೆ ಮೇಯಿಸುವ ಹಕ್ಕನ್ನೂ ಉಳಿಸಿಕೊಂಡಿದ್ದರು. ಹತ್ತಿರದ ಇಂಡಿಯನ್ ಹೆವನ್ ವನ್ಯಪ್ರದೇಶದಲ್ಲಿ ಅವರು ಹಣ್ಣಿನ ಕಾಲದಲ್ಲಿ ಕುದುರೆ ಓಡಿಸಿ ಪಂದ್ಯ ಕಟ್ಟುತ್ತಿದ್ದ ಜಾಗವಿದೆ. ಗೊರಸುಗಳು ತುಳಿದು ತುಳಿದು ಆದ ತಗ್ಗು ಹುಲ್ಲಿನಲ್ಲಿ ಇಂದಿಗೂ ಗುರುತಿಸುವಂತಿದೆ. ಪಂದ್ಯ ನಿಂತು ಎಷ್ಟೋ ಕಾಲವಾಗಿದೆ, ನೆಲ ಇನ್ನೂ ಮರೆತಿಲ್ಲ. ನಾವು ಪಶ್ಚಿಮದ ಬದಿಯಲ್ಲೇ ಒಂದು ಲೋಟದಷ್ಟು ಹಣ್ಣು ಆಯ್ದುಕೊಂಡೆವು.

ಈ ವರ್ಷ ಮತ್ತೆ ಹೋಗುತ್ತಿದ್ದೇವೆ. ಹಿರಿಯಾಕೆಯ ಮಗ, ಸೊಸೆ ಈ ಸಲ ಬರುತ್ತಿಲ್ಲ. ಮೊನ್ನೆ ಸಿಯಾಟಲ್‌ಗೆ ಫೋನ್ ಮಾಡಿ, "ಈ ಸಲ ನಿಮ್ಮಿಬ್ಬರನ್ನೂ ಸೇರಿಸಿಯೇ ಎಣಿಸಿದ್ದೇನೆ ಕಣೋ. ಐದು ಜನ, ಐದು ಸವಾರಿ ಕುದುರೆ, ಎರಡು ಹೊರೆಯವು. ಜುಲೈನಿಂದ ಶನಿವಾರ ಬಂದು ಸವಾರಿ ಕಲಿಯಿರಿ" ಎಂದೆ. "ಹನ್ನೆರಡು ತಾನೇ ಅಕ್ಕಾ?" ಎಂದು ಅವನೇ ಕೂಡಿಸಿ ಕೇಳಿದ. ಹುಲ್ಲಿಗೆ ಹೇಳಿಯಾಗಿದೆ. ತಡೆಗಂಟನ್ನು ಮನೆಯ ಹಿತ್ತಲಿನ ಬಟ್ಟೆ ಒಣಗಿಸುವ ಹಗ್ಗದ ಮೇಲೆ ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಮೇಲೆ ಹೋದ ಕೂಡಲೇ ಕುದುರೆ ಇಳಿದು ಮೊದಲು ಆ ಹೆಮ್ಲಾಕ್ ಮರದ ಬುಡ ನೋಡಬೇಕು.